ರೆಂಟ್ ಮತ್ತು ಲೀಸ್ ನಡುವಿನ ಓರೆ ಗೀಟು: ಸಹಿ ಹಾಕುವ ಮೊದಲು ಒಂದು ಹೋಲಿಕೆ

ನಮ್ಮ ಬೀದಿಯ ಮೂಲೆಮನೆ ಗೇಟಿಗೆ ಹೋದ ತಿಂಗಳು ಬೋರ್ಡ್ ಬಿತ್ತು. ಹಳೇ ಕ್ಯಾಲೆಂಡರಿನ ರಟ್ಟು. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಮನೆ ರೆಂಟ್/ಲೀಸ್‌ಗೆ ಇದೆ’, ಕೆಳಗೆ ಫೋನ್ ನಂಬರು. ಬೆಂಗಳೂರಿನಲ್ಲಿ ಇಂಥ ಬೋರ್ಡು ದಿನಕ್ಕೆ ಹತ್ತು ಕಣ್ಣಿಗೆ ಬೀಳುತ್ತವೆ. ರೆಂಟು, ಲೀಸಿನ ನಡುವೆ ಎಳೆದ ಆ ಓರೆ ಗೀಟು ನೋಡಿದರೆ ಎರಡೂ ಒಂದೇ ಅಂಗಿಯ ಎರಡು ಸೈಜು ಅನ್ನಿಸುತ್ತದೆ. ಹಾಗಿಲ್ಲ. ಒಂದರಲ್ಲಿ ನೀವು ಬಾಡಿಗೆದಾರ. ಇನ್ನೊಂದರಲ್ಲಿ ನೀವು ಬಾಡಿಗೆದಾರನೂ ಹೌದು, ಓನರಿಗೆ ಲಕ್ಷಗಟ್ಟಲೆ ಸಾಲ ಕೊಟ್ಟವರೂ ಹೌದು.

ನಾನು ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲಿ ಇದ್ದವನು. ಈಗ ಕೆಲವು ವರ್ಷದಿಂದ ನಮ್ಮ ಮಹಡಿ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಹಾಗಾಗಿ ಎರಡೂ ಕಡೆಯ ಬಿಸಿ ತಟ್ಟಿದೆ. ವಕೀಲನಲ್ಲ. ದೊಡ್ಡ ಮೊತ್ತ ಕೊಡುವ ಮುಂಚೆ ವಕೀಲರಿಗೆ ಒಮ್ಮೆ ಕಾಗದ ತೋರಿಸಿ. ಅವರ ಫೀಸು ಅಡ್ವಾನ್ಸಿನ ಮುಂದೆ ಚಿಲ್ಲರೆ.

ಮೊದಲೇ ಒಂದು ಗೊಂದಲ ತೆಗೆದುಬಿಡೋಣ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ತಿಂಗಳ ಬಾಡಿಗೆಯನ್ನೂ ‘ಲೀಸ್’ ಅಂತಲೇ ಕರೆಯುತ್ತದೆ. ಬೆಂಗಳೂರಿನ ಬ್ರೋಕರ್ ಬಾಯಲ್ಲಿ ಲೀಸ್ ಎಂದರೆ ಬೇರೆ: ಒಂದೇ ಸಲ ದೊಡ್ಡ ಮೊತ್ತ ಕೊಡುವುದು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಅಷ್ಟೂ ದುಡ್ಡು ಬಡ್ಡಿಯಿಲ್ಲದೆ ವಾಪಸ್ ಪಡೆಯುವುದು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಭೋಗ್ಯ ಅನ್ನುತ್ತಾರೆ. ಇಲ್ಲಿ ಲೀಸ್ ಅಂದಾಗಲೆಲ್ಲ ಈ ಭೋಗ್ಯದ ಅರ್ಥವನ್ನೇ ಇಟ್ಟುಕೊಳ್ಳಿ.

11 ತಿಂಗಳ ಕರಾರು

ಎಲ್ಲರಿಗೂ ಗೊತ್ತಿರುವುದು ಇದೇ. ಟೈಪಿಂಗ್ ಅಂಗಡಿಗೆ ಹೋಗಿ ಇ-ಸ್ಟಾಂಪ್ ತೆಗೆಸಿ, ಹೆಸರು, ಬಾಡಿಗೆ, ಅಡ್ವಾನ್ಸ್ ಹೇಳಿದರೆ ಹತ್ತು ನಿಮಿಷದಲ್ಲಿ ಪ್ರಿಂಟ್ ಬರುತ್ತದೆ. ಎಷ್ಟೋ ಸಲ ಹಿಂದಿನ ಗಿರಾಕಿಯ ಫೈಲಿನಲ್ಲೇ ಹೆಸರು ಬದಲಾಯಿಸಿರುತ್ತಾರೆ. ನನ್ನದೊಂದು ಕರಾರಿನಲ್ಲಿ ಇಲ್ಲದ ಕಾರ್ ಪಾರ್ಕಿಂಗ್ ಇತ್ತು, ಇದ್ದ ನೀರಿನ ಸಂಪು ಇರಲಿಲ್ಲ.

11 ತಿಂಗಳೇ ಯಾಕೆ? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಲೇಬೇಕು ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಂ ಮತ್ತು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಹೇಳುತ್ತವೆ. ಆ ಗೆರೆಯಿಂದ ಒಂದು ಹೆಜ್ಜೆ ಹಿಂದೆ ನಿಲ್ಲಲು 11. ಇದರಿಂದ ರಿಜಿಸ್ಟ್ರಾರ್ ಕಚೇರಿಯ ಓಡಾಟ, ಖರ್ಚು ಉಳಿಯುತ್ತದೆ. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ, ಹೊಸ ಕರಾರು ಇಲ್ಲದಿದ್ದರೂ ಅದು ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆ ಆಗುತ್ತದೆ. ಬೇರೆ ಮಾತು ಬರೆದಿಲ್ಲದಿದ್ದರೆ ಇಬ್ಬರಲ್ಲಿ ಯಾರೇ ಆಗಲಿ 15 ದಿನದ ನೋಟಿಸ್ ಕೊಟ್ಟು ಅದನ್ನು ಮುಗಿಸಬಹುದು. ಇದು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ. ಮಕ್ಕಳ ಪರೀಕ್ಷೆ ಹತ್ತಿರ ಬಂದಾಗ 15 ದಿನ ಅಂದರೆ ಎಷ್ಟು ಕಮ್ಮಿ ಅಂತ ಆಗ ಗೊತ್ತಾಗುತ್ತದೆ. ಅದಕ್ಕೇ ಕರಾರಿನಲ್ಲಿ ‘ಎರಡು ತಿಂಗಳ ನೋಟಿಸ್, ಎರಡೂ ಕಡೆಗೆ’ ಅಂತ ಬರೆಸಿ. ಬಾಡಿಗೆದಾರ ಮಾತ್ರ ನೋಟಿಸ್ ಕೊಡಬೇಕು ಅನ್ನೋ ಥರ ಬರೆದಿರುತ್ತಾರೆ, ಸರಿಯಾಗಿ ಓದಿ.

ಅಡ್ವಾನ್ಸ್ ವಿಷಯ. ಬೆಂಗಳೂರಿನ ಹಳೇ ಪದ್ಧತಿ ಹತ್ತು ತಿಂಗಳು. ಈಗ ಐದಾರಕ್ಕೆ ಒಪ್ಪುವವರು ಜಾಸ್ತಿ ಆಗಿದ್ದಾರೆ, ಕೇಳುವ ಧೈರ್ಯ ಬೇಕು ಅಷ್ಟೆ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅಂತಿದೆ. ಇದನ್ನು ವಾಟ್ಸಾಪಿನಲ್ಲಿ ಓದಿ ಓನರ್ ಹತ್ತಿರ ಜಗಳಕ್ಕೆ ಹೋದವರನ್ನು ಕಂಡಿದ್ದೇನೆ. ಹೋಗಬೇಡಿ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಳ್ಳುವ ತನಕ ಅದು ಕಟ್ಟಿಹಾಕುವುದಿಲ್ಲ.

ಇನ್ನು ನಮ್ಮದೇ ಕರ್ನಾಟಕ ಬಾಡಿಗೆ ಕಾಯ್ದೆ, 1999. ಹೆಸರು ಕೇಳಿ ಬಾಡಿಗೆದಾರರು ಧೈರ್ಯ ತಂದುಕೊಳ್ಳುತ್ತಾರೆ. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಅದು ಅನ್ವಯಿಸುವುದಿಲ್ಲ. ಇವತ್ತು ಬೆಂಗಳೂರಿನಲ್ಲಿ 3,500ಕ್ಕೆ ಮನೆ ಎಲ್ಲಿದೆ ಹೇಳಿ! ಹಾಗಾಗಿ ನಮ್ಮ ನಿಮ್ಮಂಥವರ ಜಗಳ ಎಲ್ಲ 1882ರ ಕಾಯ್ದೆ ಮತ್ತು ಕೈಲಿರುವ ಕರಾರಿನ ಮೇಲೆ ನಡೆಯುತ್ತದೆ. ಕರಾರಿನ ಒಂದೊಂದು ಸಾಲಿಗೂ ಬೆಲೆ ಬರುವುದು ಇದಕ್ಕೇ.

ಉದಾಹರಣೆಗೆ ಪೇಂಟಿಂಗ್. ಒಂದು ಮನೆ ಬಿಡುವಾಗ ನಮ್ಮ ಓನರ್ ಆಂಟಿ ಕೈಯಲ್ಲಿ ಡೈರಿ ಹಿಡಿದು ಗೋಡೆ ಗೋಡೆ ನೋಡುತ್ತಾ ಬಂದರು. ಕ್ಯಾಲೆಂಡರ್ ತೂಗುಹಾಕಿದ್ದ ಒಂದು ಮೊಳೆಯ ಗುರುತು ಸಿಕ್ಕಿತು.

“ನೋಡಪ್ಪ, ಒಂದು ತಿಂಗಳ ಬಾಡಿಗೆ ಪೇಂಟಿಂಗಿಗೆ ಹಿಡ್ಕೋತೀನಿ. ಎಲ್ಲರೂ ಹಿಡ್ಕೊಳ್ಳೋದೇ.”

“ಆಂಟಿ, ಕರಾರಲ್ಲಿ ಬರೆದಿಲ್ವಲ್ಲ.”

“ಬರೀಬೇಕಾ ಅದನ್ನ? ಪದ್ಧತಿ ಅದು.”

ಪದ್ಧತಿ ನಿಜ, ಕಾನೂನಲ್ಲ. 1882ರ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರ ಮನೆಯನ್ನು ತೆಗೆದುಕೊಂಡಾಗ ಇದ್ದಂತೆ ಒಪ್ಪಿಸಬೇಕು, ಆದರೆ ಸಹಜವಾಗಿ ಬಳಸಿ ಸವೆದದ್ದಕ್ಕೆ ವಿನಾಯಿತಿ ಇದೆ. ಗೋಡೆಯ ಬಣ್ಣ ಮಾಸುವುದು ಸವೆತವೇ. ಕರಾರಿನಲ್ಲಿ ‘ಬಿಡುವಾಗ ಒಂದು ತಿಂಗಳ ಬಾಡಿಗೆ ಕಡಿತ’ ಅಂತ ನೀವೇ ಸಹಿ ಹಾಕಿದ್ದರೆ ಆಟ ಮುಗಿಯಿತು. ನಾನು ಅವತ್ತು ಅರ್ಧಕ್ಕೆ ರಾಜಿ ಮಾಡಿಕೊಂಡೆ. ಲಾರಿ ಕೆಳಗೆ ನಿಂತಿತ್ತು, ಲೋಡ್ ಮಾಡುವವರು ಗಂಟೆ ಲೆಕ್ಕ ಹಾಕುತ್ತಿದ್ದರು. ಈಗ ನಾನು ಓನರ್ ಆಗಿ ಹೇಗೆ ಮಾಡುತ್ತೇನೆ ಅಂದರೆ, ಬಾಡಿಗೆದಾರ ಬಂದ ದಿನವೇ ಇಬ್ಬರೂ ಸೇರಿ ಮನೆಯ ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಹಾಕಿಕೊಳ್ಳುತ್ತೇವೆ. ನಲ್ಲಿ, ಗೀಸರು, ಫ್ಯಾನು, ಕಿಟಕಿ ಗಾಜು ಎಲ್ಲ ಅದರಲ್ಲಿದೆ. ಬಿಡುವ ದಿನ ವಾದಕ್ಕೆ ಜಾಗವೇ ಇರುವುದಿಲ್ಲ.

ರಿಜಿಸ್ಟರ್ ಮಾಡಿಸಿದ ಕರಾರು

ಎರಡು ಅಥವಾ ಮೂರು ವರ್ಷಕ್ಕೆ ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು. ಛಾಪಾ ಶುಲ್ಕವನ್ನು ಬಾಡಿಗೆ, ಅಡ್ವಾನ್ಸ್, ಅವಧಿ ನೋಡಿ ಲೆಕ್ಕ ಹಾಕುತ್ತಾರೆ. ಅವಧಿ ಉದ್ದವಾದರೆ ಶುಲ್ಕವೂ ಏರುತ್ತದೆ. ನೋಂದಣಿ ಇಲಾಖೆಯ ಕಾವೇರಿ 2.0 ತಾಣ ಬಂದ ಮೇಲೆ ಅರ್ಜಿ, ಶುಲ್ಕ, ಸಮಯ ಗೊತ್ತುಮಾಡಿಕೊಳ್ಳುವುದು ಆನ್‌ಲೈನ್ ಆಗಿದೆ. ಮೊದಲಿನಷ್ಟು ಕಷ್ಟವಿಲ್ಲ.

ಜನ ಮಾಡುವ ತಪ್ಪು ಯಾವುದು ಗೊತ್ತಾ? ಮೂರು ವರ್ಷಕ್ಕೆ ಕರಾರು ಬರೆದು, ನೋಟರಿ ಹತ್ತಿರ ಸೀಲು ಹಾಕಿಸಿ, ‘ರಿಜಿಸ್ಟರ್ ಆಯ್ತು’ ಅಂದುಕೊಳ್ಳುವುದು. ನೋಟರಿ ಬೇರೆ, ನೋಂದಣಿ ಬೇರೆ. ನೋಂದಣಿ ಕಾಯ್ದೆಯ 49ನೇ ಕಲಂ ಪ್ರಕಾರ, ನೋಂದಾಯಿಸಬೇಕಾಗಿದ್ದು ನೋಂದಾಯಿಸದ ಪತ್ರದ ಷರತ್ತುಗಳನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ತೋರಿಸಲು ಆಗುವುದಿಲ್ಲ. ನೀವು ಅಲ್ಲಿ ವಾಸ ಇದ್ದೀರಿ ಅನ್ನೋ ಥರದ ಅಡ್ಡ ವಿಷಯಕ್ಕೆ ಬಳಸಬಹುದು, ಅಷ್ಟೆ. ಮೂರು ವರ್ಷದ ಮಾತು ಗಾಳಿಗೆ ಹೋಯಿತು, ನೀವು ಬರೀ ತಿಂಗಳ ಬಾಡಿಗೆದಾರ. ಓನರಿಗೂ ಇದೇ ಗತಿ: ‘ಎರಡು ವರ್ಷ ಬಿಡುವಂತಿಲ್ಲ’ ಎಂಬ ಲಾಕ್-ಇನ್ ಬರೆದಿದ್ದರೂ ಹಿಡಿದಿಡಲು ಆಗುವುದಿಲ್ಲ. ಇದರ ಮೇಲೆ ಸ್ಟಾಂಪ್ ಕಮ್ಮಿ ಕಟ್ಟಿದ್ದರೆ ಕೋರ್ಟು ಪತ್ರವನ್ನೇ ತಡೆಹಿಡಿಯುತ್ತದೆ. ಕರ್ನಾಟಕ ಛಾಪಾ ಕಾಯ್ದೆಯ ಪ್ರಕಾರ ಕಮ್ಮಿಯಾದ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟಿದ ಮೇಲೆ ಮಾತ್ರ ಅದನ್ನು ನೋಡುತ್ತಾರೆ.

ಹಾಗಾದರೆ ರಿಜಿಸ್ಟರ್ ಯಾರಿಗೆ ಬೇಕು? ಅಂಗಡಿ, ಕ್ಲಿನಿಕ್, ಬೇಕರಿ ಇಡುವವರಿಗೆ ಇದರ ಬಗ್ಗೆ ಎರಡನೇ ಮಾತೇ ಬೇಡ. ಒಳಗೆ ಐದಾರು ಲಕ್ಷ ಸುರಿದು ಟೈಲ್ಸು, ಕೌಂಟರು, ಎಸಿ ಹಾಕಿಸಿ 11 ತಿಂಗಳ ಕಾಗದ ಇಟ್ಟುಕೊಂಡರೆ, ವ್ಯಾಪಾರ ಕುದುರುವ ಹೊತ್ತಿಗೆ ‘ಬಾಡಿಗೆ ಡಬಲ್ ಮಾಡಿ’ ಅನ್ನುವ ಓನರ್ ಎದುರು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಇನ್ನು ಮನೆಯ ಮಟ್ಟಿಗೆ, ಪಕ್ಕದಲ್ಲೇ ಶಾಲೆಗೆ ಮಗುವನ್ನು ಸೇರಿಸಿದವರು, ವಯಸ್ಸಾದ ತಂದೆತಾಯಿಯನ್ನು ಕರೆತಂದವರು ಮೂರು ವರ್ಷದ ರಿಜಿಸ್ಟರ್ ಕರಾರು ಕೇಳುವುದರಲ್ಲಿ ತಪ್ಪಿಲ್ಲ. ಓನರುಗಳು ಸಾಮಾನ್ಯವಾಗಿ ಹಿಂದೇಟು ಹಾಕುತ್ತಾರೆ. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ.

ಲೀಸ್, ಅಂದರೆ ಭೋಗ್ಯ

ಇಲ್ಲಿ ಸ್ವಲ್ಪ ನಿಲ್ಲಬೇಕು. ದುಡ್ಡು ಹೋಗುವುದು ಇಲ್ಲೇ.

ಲೆಕ್ಕ ನೋಡಿ. ಎರಡು ಬೆಡ್‌ರೂಮಿನ ಮನೆ. ಬಾಡಿಗೆಗಾದರೆ ತಿಂಗಳಿಗೆ 20,000, ಅಡ್ವಾನ್ಸ್ ಒಂದು ಲಕ್ಷ. ಲೀಸಿಗಾದರೆ 18 ಲಕ್ಷ ಅಂತಿಟ್ಟುಕೊಳ್ಳಿ. ಆ 18 ಲಕ್ಷವನ್ನು ಶೇ 7ರ ಎಫ್‌ಡಿಯಲ್ಲಿ ಇಟ್ಟರೆ ವರ್ಷಕ್ಕೆ 1,26,000, ತಿಂಗಳಿಗೆ 10,500. ಅಂದರೆ ಕೈಲಿ ದುಡ್ಡು ಇದ್ದವರಿಗೆ ಲೀಸಿನಿಂದ ತಿಂಗಳಿಗೆ ಹೆಚ್ಚುಕಮ್ಮಿ ಹತ್ತು ಸಾವಿರ ಉಳಿಯುತ್ತದೆ. ಮೂರು ವರ್ಷಕ್ಕೆ ಮೂರೂವರೆ ಲಕ್ಷ. ಸುಮ್ನೆ ಅಲ್ಲ ಜನ ಲೀಸ್ ಹಿಂದೆ ಓಡುವುದು. ಆದರೆ ಸಾಲ ಮಾಡಿ ಲೀಸ್ ಹಾಕಿದರೆ? ಶೇ 12ರ ಪರ್ಸನಲ್ ಲೋನ್ ಅಂದರೆ ಬಡ್ಡಿಯೇ ತಿಂಗಳಿಗೆ 18,000. ಉಳಿಯುವುದು ಎರಡು ಸಾವಿರ, ತಲೆನೋವು ಪೂರ್ತಿ. ಆಭರಣ ಅಡ ಇಟ್ಟು ಲೀಸಿಗೆ ಹೋಗುವವರನ್ನು ನೋಡಿದಾಗಲೆಲ್ಲ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಡಬೇಕು ಅನ್ನಿಸುತ್ತದೆ.

ಈಗ ಇದೇ ಲೆಕ್ಕವನ್ನು ಓನರ್ ಕುರ್ಚಿಯಲ್ಲಿ ಕೂತು ಮಾಡಿ. ಆತ 18 ಲಕ್ಷ ತೆಗೆದುಕೊಂಡು ವರ್ಷಕ್ಕೆ 2,40,000 ರೂಪಾಯಿ ಬಾಡಿಗೆ ಬಿಟ್ಟುಕೊಡುತ್ತಿದ್ದಾನೆ. ಶೇ 13ಕ್ಕಿಂತ ಮೇಲಿನ ಬಡ್ಡಿ ಆಯಿತು. ಸ್ವಂತ ಮನೆ ಇರುವವನಿಗೆ ಬ್ಯಾಂಕಿನಲ್ಲಿ ಅದಕ್ಕಿಂತ ಅಗ್ಗವಾಗಿ ಸಾಲ ಸಿಗಬೇಕಲ್ವಾ? ಮತ್ಯಾಕೆ ಲೀಸಿಗೆ ಕೊಡುತ್ತಿದ್ದಾನೆ? ಕೆಲವರಿಗೆ ಮಗಳ ಮದುವೆ, ಮೇಲಿನ ಮಹಡಿಯ ಕೆಲಸ, ಬ್ಯಾಂಕಿನ ಕಾಗದಪತ್ರದ ಕಿರಿಕಿರಿ ಬೇಡ ಅನ್ನುವ ಉದಾಸೀನ. ಅವರು ಒಳ್ಳೆಯವರೇ. ಇನ್ನು ಕೆಲವರಿಗೆ ಬ್ಯಾಂಕು ಆಗಲೇ ಎಷ್ಟು ಕೊಡಬೇಕೋ ಅಷ್ಟು ಕೊಟ್ಟು ಮುಗಿಸಿದೆ. ಇನ್ನು ಕೊಡುವುದಿಲ್ಲ. ಆ ಬಾಕಿ ಸಾಲವನ್ನು ನೀವು ಕೊಡುತ್ತಿದ್ದೀರಿ, ಬ್ಯಾಂಕು ಇಟ್ಟುಕೊಂಡಂಥ ಯಾವ ಭದ್ರತೆಯೂ ಇಲ್ಲದೆ.

ಇದು ನಮ್ಮ ಮನೆಯಲ್ಲೇ ಆಯಿತು. ಮದುವೆಯಾದ ಹೊಸದರಲ್ಲಿ ಲೀಸಿಗೆ ಇದ್ದೆವು. ಒಂದು ದಿನ ಸಂಜೆ ಆಫೀಸಿನಿಂದ ಬಂದರೆ ಗೇಟಿಗೆ ಕಾಗದ ಅಂಟಿಸಿದ್ದರು. ಮೈದಾ ಅಂಟು ಇನ್ನೂ ಹಸಿಯಾಗಿತ್ತು. ಮೇಲೆ ಬ್ಯಾಂಕಿನ ಹೆಸರು, ಕೆಳಗೆ ಓನರ್ ಹೆಸರು, ಮಧ್ಯೆ ನಮ್ಮ ಮನೆಯ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಮನೆ. ನಾವು ಮಲಗುವ ಕೋಣೆಯನ್ನು ಸರ್ಕಾರಿ ಕನ್ನಡದಲ್ಲಿ ಓದಿದ್ದು ಅದೇ ಮೊದಲು. ನಮ್ಮ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಹೆಂಡತಿ ಕೇಳಿದಳು, “ನಮ್ಮ ದುಡ್ಡಿನ ಬಗ್ಗೆ ಏನ್ ಬರ್ದಿದಾರೆ?” ಏನೂ ಬರೆದಿರಲಿಲ್ಲ. ಓನರ್ ಸಂಬಂಧಿಕರು ಮಧ್ಯೆ ಬಂದು ಒಂದೂವರೆ ವರ್ಷದಲ್ಲಿ ಕಂತು ಕಂತಾಗಿ ದುಡ್ಡು ಬಂತು, ಪೂರ್ತಿ ಬರಲಿಲ್ಲ. ನಾವು ಅದೃಷ್ಟವಂತರ ಪಟ್ಟಿಯಲ್ಲೇ ಇದ್ದೇವೆ.

ಆ ಕಾಗದದ ಹಿಂದಿನ ಕಾನೂನು 2002ರ ಸರ್ಫೇಸಿ ಕಾಯ್ದೆ. ಸಾಲ ಕೆಟ್ಟರೆ ಬ್ಯಾಂಕು 60 ದಿನದ ನೋಟಿಸ್ ಕೊಟ್ಟು, ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕಬಹುದು. ಆ ನೋಟಿಸ್ ಬಂದ ಮೇಲೆ ಓನರ್ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮನೆಯನ್ನು ಹೊಸದಾಗಿ ಯಾರಿಗೂ ಬಾಡಿಗೆಗೆ, ಲೀಸಿಗೆ ಕೊಡುವಂತಿಲ್ಲ. ಬ್ಯಾಂಕಿನ ಎದುರು ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಹಕ್ಕು ಕೇಳುವ ಬಾಡಿಗೆದಾರ ರಿಜಿಸ್ಟರ್ ಆದ ಪತ್ರ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ‘ದುಡ್ಡು ಕೊಡೋವರೆಗೂ ಕೀಲಿ ಕೊಡಲ್ಲ’ ಎಂಬ ನಮ್ಮ ಹಳೇ ಅಸ್ತ್ರ ಓನರ್ ಮೇಲೆ ನಡೆಯಬಹುದು, ಬ್ಯಾಂಕಿನ ಮೇಲೆ ನಡೆಯುವುದಿಲ್ಲ. ಹರಾಜಿನ ದುಡ್ಡು ಮೊದಲು ಬ್ಯಾಂಕಿಗೆ. ನೀವು ಓನರ್ ಹಿಂದೆ ಓಡಬೇಕು. ಆತನ ಹತ್ತಿರ ಏನಾದರೂ ಇದ್ದಿದ್ದರೆ ಮನೆ ಹರಾಜಿಗೆ ಬರುತ್ತಿರಲಿಲ್ಲ.

ದಕ್ಷಿಣ ಕೊರಿಯಾದಲ್ಲೂ ಥೇಟ್ ಇದೇ ಪದ್ಧತಿ ಇದೆ, ಅಲ್ಲಿ ಜಿಯೊನ್ಸೆ ಅನ್ನುತ್ತಾರೆ. ಓನರುಗಳು ದುಡ್ಡು ವಾಪಸ್ ಕೊಡಲಾಗದೆ ಸಾವಿರಾರು ಬಾಡಿಗೆದಾರರು ಬೀದಿಗೆ ಬಿದ್ದು, 2023ರಲ್ಲಿ ಅಲ್ಲಿನ ಸಂಸತ್ತು ಅವರಿಗೋಸ್ಕರವೇ ಒಂದು ವಿಶೇಷ ಕಾನೂನು ತರಬೇಕಾಯಿತು. ಅಷ್ಟು ಶಿಸ್ತಿನ ದೇಶದ ಕಥೆಯೇ ಇದು.

ಲೀಸ್ ಬೇಡವೇ ಬೇಡ ಅನ್ನುತ್ತಿಲ್ಲ. ಹೋಗುವುದಾದರೆ ಕಣ್ಣು ಬಿಟ್ಟು ಹೋಗಿ. ಮೊದಲನೆಯದಾಗಿ ಮೂಲ ಕ್ರಯಪತ್ರ ನೋಡಬೇಕು ಅನ್ನಿ. ಜೆರಾಕ್ಸ್ ಅಲ್ಲ, ಮೂಲ. ಸಾಲ ಇದ್ದರೆ ಮೂಲ ಪತ್ರ ಬ್ಯಾಂಕಿನಲ್ಲಿರುತ್ತದೆ, ಓನರ್ ಹತ್ತಿರ ಇರುವುದಿಲ್ಲ. ಇಷ್ಟು ಸಣ್ಣ ಪರೀಕ್ಷೆ ಅರ್ಧ ಅಪಾಯ ತಪ್ಪಿಸುತ್ತದೆ. ಆಮೇಲೆ ಇಸಿ, ಅಂದರೆ ಮನೆಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ, ತೆಗೆಸಿ. ಕಾವೇರಿ ತಾಣದಲ್ಲೇ ಸಿಗುತ್ತದೆ, ವ್ಯವಹಾರ ಇದ್ದರೆ ಫಾರಂ 15ರಲ್ಲಿ ಬರುತ್ತದೆ, ಏನೂ ಇಲ್ಲದಿದ್ದರೆ ಫಾರಂ 16. ಪತ್ರ ಇಟ್ಟು ಪಡೆದ ಸಾಲ ಕೆಲವೊಮ್ಮೆ ಇಸಿಯಲ್ಲಿ ಕಾಣುವುದಿಲ್ಲ. ಅದಕ್ಕೆ ಸರ್ಸಾಯ್ ಎಂಬ ಕೇಂದ್ರದ ದಾಖಲೆ ತಾಣ ಇದೆ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಸಾಲ ಇದ್ದೂ ಮನೆ ಬಹಳ ಇಷ್ಟವಾಗಿದ್ದರೆ, ಲೀಸಿಗೆ ಬ್ಯಾಂಕಿನ ಒಪ್ಪಿಗೆ ಪತ್ರ ತರಿಸಿ. ತರಲ್ಲ ಅಂದರೆ ಉತ್ತರ ಸಿಕ್ಕಿತು.

ಪತ್ರವನ್ನು ರಿಜಿಸ್ಟರ್ ಮಾಡಿಸಿ. ರಿಜಿಸ್ಟರ್ ಆದರೆ ಅದು ಮನೆಯ ಇಸಿಯಲ್ಲಿ ಕೂರುತ್ತದೆ, ನಾಳೆ ಮನೆ ಕೊಳ್ಳುವವರಿಗೂ ಸಾಲ ಕೊಡುವವರಿಗೂ ನೀವಿದ್ದೀರಿ ಅಂತ ಗೊತ್ತಾಗುತ್ತದೆ. ಗಟ್ಟಿಯಾದ ದಾರಿ ಎಂದರೆ ಸ್ವಾಧೀನ ಸಹಿತ ಅಡಮಾನ ಪತ್ರ, 1882ರ ಕಾಯ್ದೆಯ 58ನೇ ಕಲಮಿನ ಅಸಲಿ ಭೋಗ್ಯ. ಇದಕ್ಕೆ ಇಬ್ಬರು ಸಾಕ್ಷಿ, ನೋಂದಣಿ ಎರಡೂ ಬೇಕು. ಛಾಪಾ ಶುಲ್ಕ ಜಾಸ್ತಿ ಬೀಳುವುದರಿಂದ ಯಾರೂ ಆ ಕಡೆ ಹೋಗುವುದಿಲ್ಲ. ಎಲ್ಲರೂ 500 ರೂಪಾಯಿ ಸ್ಟಾಂಪಿನ ಮೇಲೆ ‘ಲೀಸ್ ಅಗ್ರಿಮೆಂಟ್’ ಬರೆದು ಮುಗಿಸುತ್ತಾರೆ. 18 ಲಕ್ಷ ಕೊಡುವಾಗ ಅಲ್ಲಿ ಉಳಿತಾಯ ಮಾಡಬೇಡಿ. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನೇ ನಿಷೇಧಿಸಿದೆ. ‘ಅರ್ಧ ಕ್ಯಾಶ್ ಕೊಡಿ’ ಅಂದವರ ಮನೆಯ ಮೆಟ್ಟಿಲು ಇಳಿದುಬಿಡಿ.

ಇನ್ನೊಂದು ಜಾತಿಯ ಮೋಸ ಇದೆ. ಮಧ್ಯದ ಕಂಪನಿಯೊಂದು ಓನರ್ ಹತ್ತಿರ ತಿಂಗಳ ಬಾಡಿಗೆಗೆ ಮನೆ ಹಿಡಿಯುತ್ತದೆ, ಅದೇ ಮನೆಯನ್ನು ನಿಮಗೆ ಲಕ್ಷಗಳ ಲೀಸಿಗೆ ಕೊಡುತ್ತದೆ. ಕೆಲವು ತಿಂಗಳು ಓನರಿಗೆ ಬಾಡಿಗೆ ಹೋಗುತ್ತದೆ, ಆಮೇಲೆ ಆಫೀಸಿಗೆ ಬೀಗ. ಓನರ್ ಬಂದು ಬಾಡಿಗೆ ಕೇಳುತ್ತಾನೆ. ನೀವು ಲೀಸ್ ಅನ್ನುತ್ತೀರಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹಾಗಾಗಿ ಮನೆಯ ಖಾತಾ ದಾಖಲೆಯಲ್ಲಿ ಹೆಸರಿರುವ ಮನುಷ್ಯನನ್ನೇ ಮುಖಾಮುಖಿ ನೋಡಿ, ದುಡ್ಡು ಅವರದೇ ಬ್ಯಾಂಕ್ ಖಾತೆಗೆ ಹಾಕಿ. ಓನರ್ ಅಮೆರಿಕಾದಲ್ಲೋ ದುಬೈಯಲ್ಲೋ ಇದ್ದು ಅಪ್ಪನೋ ಭಾವನೋ ಸಹಿ ಹಾಕುತ್ತಾರೆ ಎಂದರೆ, ಓನರ್ ಅವರಿಗೆ ಬರೆದುಕೊಟ್ಟ ಜಿಪಿಎ, ಅಂದರೆ ಅಧಿಕಾರ ಪತ್ರದಲ್ಲಿ ಬಾಡಿಗೆಗೆ ಕೊಡುವ ಮತ್ತು ಹಣ ಪಡೆಯುವ ಅಧಿಕಾರ ಎರಡೂ ಇದೆಯಾ ಓದಿ.

ಲೀವ್ ಅಂಡ್ ಲೈಸೆನ್ಸ್, ಪಿಜಿ

ಲೀವ್ ಅಂಡ್ ಲೈಸೆನ್ಸ್ ಮುಂಬೈ ಕಡೆಯ ರೂಢಿ. ಈಗ ಇಲ್ಲೂ ಕೆಲವು ಆ್ಯಪ್‌ಗಳು ಈ ಹೆಸರಿನ ಕರಾರು ಕೊಡುತ್ತವೆ. ಲೈಸೆನ್ಸ್ ಎಂದರೆ ಬರೀ ಇರಲು ಅನುಮತಿ, ಮನೆಯ ಮೇಲೆ ನಿಮಗೆ ಹಕ್ಕು ಹುಟ್ಟುವುದಿಲ್ಲ. ಹೆಸರು ಏನೇ ಬರೆದಿರಲಿ, ಮನೆಯ ಪೂರ್ತಿ ಸ್ವಾಧೀನ ನಿಮ್ಮದೇ ಆಗಿದ್ದರೆ ಕೋರ್ಟು ಒಳಗಿನ ಹೂರಣ ನೋಡುತ್ತದೆ. ಪಿಜಿಯಲ್ಲಿ ಹಾಸಿಗೆ ಲೆಕ್ಕದಲ್ಲಿ ಇರುವವರಿಗೆ ಈ ಲೈಸೆನ್ಸ್ ಸಹಜ. ಅಲ್ಲಿ ನೋಡಬೇಕಾದ್ದು ಒಂದೇ, ಬಿಡುವಾಗ ಅಡ್ವಾನ್ಸ್ ಎಷ್ಟು ದಿನದಲ್ಲಿ ಕೊಡುತ್ತಾರೆ ಅನ್ನುವುದು. ಅದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಓನರ್ ಕಡೆಯಿಂದ

ಓನರುಗಳ ದೊಡ್ಡ ಭಯ: ‘12 ವರ್ಷ ಇದ್ದರೆ ಮನೆ ಬಾಡಿಗೆದಾರಂದೇ.’ ನನ್ನ ಮಾವನವರು ಸಾಯುವ ತನಕ ಇದನ್ನು ನಂಬಿದ್ದರು, ಬಾಡಿಗೆದಾರರನ್ನು ಮೂರು ವರ್ಷಕ್ಕೆ ಮೇಲೆ ಇಟ್ಟುಕೊಳ್ಳುತ್ತಿರಲಿಲ್ಲ. ಅದು ತಪ್ಪು. ನಿಮ್ಮ ಅನುಮತಿಯಿಂದ, ನಿಮಗೆ ಬಾಡಿಗೆ ಕೊಡುತ್ತಾ ಇರುವವನು ಎಷ್ಟು ವರ್ಷ ಇದ್ದರೂ ಅದರಿಂದ ಮಾಲೀಕನಾಗುವುದಿಲ್ಲ. ಬಾಡಿಗೆದಾರನಾಗಿ ಒಳಗೆ ಬಂದವನು, ಆ ಬಾಡಿಗೆ ಸಂಬಂಧ ಇರುವ ತನಕ, ‘ಮನೆ ನಿನ್ನದಲ್ಲ’ ಅನ್ನುವಂತೆಯೂ ಇಲ್ಲ. ಬಾಡಿಗೆ ಮುಗಿಸಿದ ಮೇಲೆ ಆತ ಬಿಡದಿದ್ದರೆ, ಸ್ವಾಧೀನಕ್ಕೆ ದಾವೆ ಹಾಕಲು 12 ವರ್ಷದ ಗಡುವು ಇದೆ. ಆ ಅಂಕಿ ಇಲ್ಲಿಂದ ಹಾರಿಬಂದು ಪುಕಾರಾಗಿದೆ ಅಂತ ನನ್ನ ಊಹೆ. ಬಾಡಿಗೆ ಬಾಕಿಗೆ ಮಾತ್ರ ಮೂರೇ ವರ್ಷ, ಸುಮ್ಮನೆ ಕೂರಬೇಡಿ.

ಬೀಗ ಒಡೆದು ಸಾಮಾನು ಹೊರಗೆ ಹಾಕುವ ಸಾಹಸ ಬೇಡ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿಯಲ್ಲಿ, ಬಲವಂತವಾಗಿ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹಾಕಿ ಮತ್ತೆ ಒಳಗೆ ಬರಬಹುದು. ಮನೆ ಯಾರದ್ದು ಅನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ. ನೋಟಿಸ್, ಆಮೇಲೆ ಕೋರ್ಟು, ಇಷ್ಟೇ ದಾರಿ. ಆ ದಾರಿ ಉದ್ದ. ಓನರುಗಳು ರಿಜಿಸ್ಟರ್ ಕರಾರಿಗೆ ಹಿಂದೇಟು ಹಾಕುವುದು ಇದಕ್ಕೇ: ಸರಿಹೋಗದ ಬಾಡಿಗೆದಾರನಿಗೆ ಮೂರು ವರ್ಷದ ಹಕ್ಕು ಬರೆದುಕೊಟ್ಟಂತೆ ಆಗುತ್ತದೆ ಅಂತ. ನನ್ನ ಅನುಭವದಲ್ಲಿ ಮೊದಲು 11 ತಿಂಗಳು ಕೊಟ್ಟು ನೋಡಿ, ಹೊಂದಿಕೆಯಾದರೆ ಆಮೇಲೆ ರಿಜಿಸ್ಟರ್ ಮಾಡಿಕೊಡುವುದು ಇಬ್ಬರಿಗೂ ಒಳ್ಳೆಯದು. ಲೀಸ್ ದುಡ್ಡು ತೆಗೆದುಕೊಂಡ ಓನರಿಗೆ ನನ್ನ ಒಂದೇ ಮಾತು: ವಾಪಸ್ ಕೊಡುವ ದಿನ ಹೊಸ ಲೀಸುದಾರ ಸಿಗುತ್ತಾನೆ ಅಂತ ನಂಬಿಕೊಂಡು ಆ ದುಡ್ಡು ಮುಟ್ಟಬೇಡಿ.

ತೆರಿಗೆ ಬಗ್ಗೆ ಎರಡು ಮಾತು. ಲೀಸಿನಲ್ಲಿ ಬಾಡಿಗೆ ಕಟ್ಟದೇ ಇರುವುದರಿಂದ ಎಚ್‌ಆರ್‌ಎ (ಸಂಬಳದಲ್ಲಿ ಬರುವ ಬಾಡಿಗೆ ಭತ್ಯೆ) ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿ ಇರುವ ಸಂಬಳದವರು ಮೇಲಿನ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ. ತಿಂಗಳ ಬಾಡಿಗೆ 50,000 ಮೀರಿದರೆ ಬಾಡಿಗೆದಾರನೇ ಆ ಬಾಡಿಗೆಯಲ್ಲಿ ಟಿಡಿಎಸ್ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು, 2024ರ ಅಕ್ಟೋಬರಿನಿಂದ ಅದು ಶೇ 2. ಓನರ್ ಎನ್‌ಆರ್‌ಐ ಆದರೆ ಈ 50,000ದ ಮಿತಿ ಇಲ್ಲ, ಹಿಡಿಯುವ ದರವೂ ಬಹಳ ಜಾಸ್ತಿ. ಆಡಿಟರನ್ನು ಕೇಳದೆ ಮುಂದುವರಿಯಬೇಡಿ.

ಇನ್ನು ಮನೆ ಮಾರಿದರೆ? ಬಾಡಿಗೆ ತಾನಾಗಿ ಮುಗಿಯುವುದಿಲ್ಲ, ಕೊಂಡವರು ಹಳೇ ಓನರ್ ಜಾಗಕ್ಕೆ ಬಂದು ನಿಲ್ಲುತ್ತಾರೆ. ಆದರೆ ನಿಮ್ಮ ಅಡ್ವಾನ್ಸ್ ಹಳಬರಿಂದ ಹೊಸಬರಿಗೆ ಹೋಯಿತಾ ಅಂತ ಮೂವರ ಸಹಿ ಇರುವ ಒಂದು ಚೀಟಿ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಬಿಡುವ ದಿನ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ಹಾಗಾದರೆ ಯಾವುದು?

ಒಂದೆರಡು ವರ್ಷದಲ್ಲಿ ಕೆಲಸ, ಊರು ಬದಲಾಗಬಹುದು ಅನ್ನುವವರಿಗೆ 11 ತಿಂಗಳೇ ಸಾಕು, ಅಡ್ವಾನ್ಸ್ ಆದಷ್ಟು ಕಮ್ಮಿ ಮಾಡಿಸಿ. ಒಂದೇ ಕಡೆ ಬೇರು ಬಿಡಬೇಕು ಅನ್ನುವವರಿಗೆ, ವ್ಯಾಪಾರದವರಿಗೆ ರಿಜಿಸ್ಟರ್. ಲೀಸು ನನ್ನ ಪ್ರಕಾರ ಒಂದೇ ಥರದವರಿಗೆ ಸರಿ: ದುಡ್ಡು ಸ್ವಂತದ್ದಾಗಿರಬೇಕು, ಓನರ್ ಮೂಲ ಪತ್ರ ತೋರಿಸಬೇಕು, ರಿಜಿಸ್ಟ್ರೇಷನ್ನಿಗೆ ಒಪ್ಪಬೇಕು. ಮೂರರಲ್ಲಿ ಒಂದು ಕೈಕೊಟ್ಟರೂ ಬಾಡಿಗೆಗೇ ಹೋಗಿ. ತಿಂಗಳಿಗೆ ಹತ್ತು ಸಾವಿರ ಹೆಚ್ಚು ಹೋಗುತ್ತದೆ ನಿಜ. ಓನರ್ ಕೈಲಿರುವ ನಿಮ್ಮ ದುಡ್ಡು ಒಂದು ಲಕ್ಷ ಮಾತ್ರ.

ಮೂಲೆಮನೆಯ ಬೋರ್ಡಿಗೆ ನಮ್ಮಕ್ಕನ ಮಗ ಫೋನ್ ಮಾಡಿದ್ದ. ಹೊಸದಾಗಿ ಮದುವೆ, ಕೈಲಿ ಅಪ್ಪ ಕೊಟ್ಟ ಹದಿನೈದು ಲಕ್ಷ. ನಾನೂ ಜೊತೆಗೆ ಹೋದೆ. ಓನರ್ ಅಂಕಲ್ ಕಾಫಿ ಕೊಟ್ಟರು, ಮನೆ ಗಾಳಿ ಬೆಳಕು ಚೆನ್ನಾಗಿತ್ತು, ಕಾವೇರಿ ನೀರೂ ಇತ್ತು. ಲೋಟ ಕೆಳಗಿಡುತ್ತಾ ಕೇಳಿದೆ, “ಸರ್, ಮೂಲ ಕ್ರಯಪತ್ರ ಒಂದ್ಸಲ ನೋಡಬಹುದಾ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. “ಬ್ಯಾಂಕಲ್ಲಿದೆ ಸರ್. ಇನ್ನೂ ನಾಲ್ಕು ವರ್ಷ ಕಂತಿದೆ. ಅದನ್ನ ಮುಗಿಸೋಣ ಅಂತಲೇ ಲೀಸ್ ಹಾಕಿದ್ದು.”

ನಿಜ ಹೇಳಿದ್ದಕ್ಕೆ ಖುಷಿಯಾಯಿತು. ಬಾಡಿಗೆಗೆ ಮಾತಾಡಿ 19,500ಕ್ಕೆ ಇಳಿಸಿದೆವು, ಐದು ತಿಂಗಳ ಅಡ್ವಾನ್ಸ್. ಟೈಪಿಂಗ್ ಅಂಗಡಿಯಲ್ಲಿ ಕರಾರು ಬಂದಾಗ ಅಕ್ಕನ ಮಗ ಪೇಂಟಿಂಗ್ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. ನಾನು ಪೆನ್ನು ಕೊಟ್ಟೆ. ಅಂಕಲ್ಲೇ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು.